ಕಿವಿ ಕೇಳದ ಮೇಷ್ಟ್ರು ಆಕಾಶದಲ್ಲಿ ತೂಕ ಹುಟ್ಟಿಸುವ ಲೆಕ್ಕ ಹಾಕಿದ್ದು

ಅಂಗಡಿ ಇಟ್ಟವರಿಗೆ ತೂಕದ ಬಗ್ಗೆ ಪಾಠ ಹೇಳೋಕೆ ಹೋಗಬಾರದು, ಗೊತ್ತು. ಜೀರಿಗೆ ಪೊಟ್ಟಣ ಕೈಯಲ್ಲಿ ಹಿಡಿದೇ ಎರಡು ಗ್ರಾಂ ಜಾಸ್ತಿ ಇದೆ ಅನ್ನೋರು ನಮ್ಮ ಸಂತೆಯಲ್ಲೇ ಇದ್ದಾರೆ. ಆದರೂ ಒಂದು ಮಾತು. ರಷ್ಯಾದ ಮಾಸ್ಕೋದಲ್ಲಿ ಸರಿಯಾಗಿ ಸೆಟ್ ಮಾಡಿದ ಎಲೆಕ್ಟ್ರಾನಿಕ್ ತೂಕದ ಮಷಿನನ್ನು ಹಾಗೇ ತಂದು ಬೆಂಗಳೂರಿನಲ್ಲಿ ಇಟ್ಟರೆ, ಒಂದು ಕೆಜಿ ಸಕ್ಕರೆಗೆ ಅದು ಮೂರೂವರೆ ಗ್ರಾಂನಷ್ಟು ಕಡಿಮೆ ತೋರಿಸುತ್ತೆ. ಸಕ್ಕರೆ ಎಲ್ಲೂ ಚೆಲ್ಲಿಲ್ಲ, ಮಷಿನ್ ಕೆಟ್ಟಿಲ್ಲ, ಯಾರೂ ಮೋಸ ಮಾಡಿಲ್ಲ. ಭೂಮಿ ಬುಗುರಿ ಥರ ತಿರುಗ್ತಾ ಇದೆ, ನಡು ಸ್ವಲ್ಪ ಉಬ್ಬಿಕೊಂಡಿದೆ. ಹಾಗಾಗಿ ಸಮಭಾಜಕಕ್ಕೆ ಹತ್ತಿರ ಇರೋ ನಮ್ಮ ಕಡೆ ಎಲ್ಲ ಸಾಮಾನೂ ಒಂಚೂರು ಹಗುರ. ಹಳೇ ತಕ್ಕಡಿ ಆದರೆ ಎರಡೂ ಕಡೆ ಸರಿಯಾಗೇ ತೋರಿಸುತ್ತೆ, ಯಾಕಂದ್ರೆ ಅಲ್ಲಿ ಸಕ್ಕರೆಯ ಜೊತೆ ತೂಕದ ಕಲ್ಲೂ ಹಗುರವಾಗಿರುತ್ತೆ.

ಅಂದರೆ ತೂಕ ಅನ್ನೋದು ಸಾಮಾನಿನ ಒಳಗೇ ಕೂತಿರುವ ಗುಣ ಅಲ್ಲ. ಜಾಗ ಬದಲಾದರೆ ಅದೂ ಬದಲಾಗುತ್ತೆ. ಪೂರ್ತಿ ಇಲ್ಲದಂತೆಯೂ ಮಾಡಬಹುದು, ಇಲ್ಲದ ಕಡೆ ಹೊಸದಾಗಿ ಹುಟ್ಟಿಸಲೂಬಹುದು. ವಿಮಾನವೇ ಹುಟ್ಟದ ಕಾಲದಲ್ಲಿ, ರಷ್ಯಾದ ಒಂದು ಸಣ್ಣ ಊರಲ್ಲಿ ಕೂತು ಈ ಲೆಕ್ಕವನ್ನೆಲ್ಲ ಹಾಕಿದವರು ಒಬ್ಬ ಶಾಲಾ ಮೇಷ್ಟ್ರು. ಹೆಸರು ಕಾನ್‌ಸ್ಟಾಂಟಿನ್ ತ್ಸಿಯೋಲ್ಕೊವ್‌ಸ್ಕಿ. ಸೆಪ್ಟೆಂಬರ್ 17 ಅವರು ಹುಟ್ಟಿದ ದಿನ, ಸೆಪ್ಟೆಂಬರ್ 19 ತೀರಿಕೊಂಡ ದಿನ. ರಾಕೆಟ್ ವಿಜ್ಞಾನದ ಪಿತಾಮಹ ಅಂತ ಪಿಯುಸಿ ಸೈನ್ಸ್ ಓದಿದವರು ಹೆಸರು ಕೇಳಿರಬಹುದು. ರಾಕೆಟ್ ವಿಷಯ ಎಲ್ಲ ಕಡೆ ಸಿಗುತ್ತೆ. ನಾನು ಹೇಳಬೇಕು ಅಂತಿರೋದು ಅವರ ತೂಕದ ಕಥೆ.

ಹತ್ತನೇ ವಯಸ್ಸಿಗೆ ಬಂದ ಜ್ವರ

1857ರಲ್ಲಿ ರ‍್ಯಾಜಾನ್ ಪ್ರಾಂತ್ಯದ ಇಝೆವ್‌ಸ್ಕೊಯೆ ಅನ್ನೋ ಹಳ್ಳಿಯಲ್ಲಿ ಹುಟ್ಟಿದ್ದು. ತಂದೆ ಅರಣ್ಯ ಇಲಾಖೆಯ ನೌಕರ, ತುಂಬಿದ ಮನೆ, ಕೈಯಲ್ಲಿ ಕಾಸು ಕಮ್ಮಿ. ಹುಡುಗನಿಗೆ ಸುಮಾರು ಹತ್ತು ವರ್ಷ ಆದಾಗ ಸ್ಕಾರ್ಲೆಟ್ ಜ್ವರ ಬಂತು. ಜ್ವರ ಬಿಟ್ಟಿತು, ಕಿವಿ ಹೋಯಿತು. ಪೂರ್ತಿ ಅಲ್ಲ, ಆದರೆ ಪಾಠ ಕೇಳೋಕೆ, ಜೊತೆಯವರ ಹತ್ತಿರ ಹರಟೋಕೆ ಆಗದಷ್ಟು. 1870ರಲ್ಲಿ ತಾಯಿಯೂ ತೀರಿಕೊಂಡರು. ಆಗ ಅವನಿಗೆ 13. ಅಷ್ಟೊತ್ತಿಗೆ ಕುಟುಂಬ ವ್ಯಾಟ್ಕಾ ಅನ್ನೋ ಊರಿಗೆ ಹೋಗಿತ್ತು. ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದು ಕೇಳ್ತಿರಲಿಲ್ಲ, ಕೇಳದ ಮೇಲೆ ಪಾಸಾಗೋದು ಹೇಗೆ? 1873ರಲ್ಲಿ ಶಾಲೆ ಬಿಟ್ಟಾಯ್ತು. ಆಮೇಲೆ ಯಾವ ಶಾಲೆಗೂ, ಯಾವ ಕಾಲೇಜಿಗೂ ವಿದ್ಯಾರ್ಥಿಯಾಗಿ ಹೋಗಲಿಲ್ಲ.

ಈ ಲೇಖನ ಬರೆಯುತ್ತಿರುವ ನಾನೂ ಡಿಗ್ರಿ ಅರ್ಧಕ್ಕೆ ಬಿಟ್ಟವನೇ. ಹಾಗಾಗಿ ಈ ಭಾಗ ಓದುವಾಗ ಸ್ವಲ್ಪ ಜಾಸ್ತಿ ಹೊತ್ತು ನಿಂತೆ. ಆದರೆ ಹೋಲಿಕೆ ಅಲ್ಲಿಗೇ ಮುಗೀತು. ನಾನು ಕಾಲೇಜು ಬಿಟ್ಟು ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಕೂತೆ, ಆ ಹುಡುಗ ಲೈಬ್ರರಿಯಲ್ಲಿ ಕೂತ.

ಅವನಿಗೆ 16 ಆದಾಗ ತಂದೆ ಮಾಸ್ಕೋಗೆ ಕಳಿಸಿದರು. ಓದೋಕೆ ಸೀಟು ಅಂತೇನೂ ಇಲ್ಲ. ಚೆರ್ಟ್‌ಕೊವ್ ಲೈಬ್ರರಿ ಅಂತ ಒಂದಿತ್ತು, ಯಾರು ಬೇಕಾದರೂ ಹೋಗಿ ಓದಬಹುದಿತ್ತು. ಮೂರು ವರ್ಷ ಅಲ್ಲೇ ಗಣಿತ, ಭೌತಶಾಸ್ತ್ರ, ಖಗೋಳ ಎಲ್ಲ ತಾನೇ ಓದಿಕೊಂಡ. ಅಲ್ಲಿ ನಿಕೊಲಾಯ್ ಫ್ಯೊದೊರೊವ್ ಅನ್ನೋ ಲೈಬ್ರರಿಯನ್ ಇದ್ದರು, ದೊಡ್ಡ ತತ್ವಜ್ಞಾನಿ. ಈ ಕಿವುಡ ಹುಡುಗನಿಗೆ ಬೇಕಾದ ಪುಸ್ತಕ ತೆಗೆದುಕೊಡುತ್ತಿದ್ದವರು ಅವರೇ. ಮನೆಯಿಂದ ತಿಂಗಳಿಗೆ ಹತ್ತು ಹದಿನೈದು ರೂಬಲ್ ಬರುತ್ತಿತ್ತು. ಊಟಕ್ಕೆ ಅದರಲ್ಲಿ 90 ಕೊಪೆಕ್ ಮಾತ್ರ, ಅಂದರೆ ಒಂದು ರೂಬಲ್ಲೂ ಪೂರ್ತಿ ಇಲ್ಲ. ಮೂರು ದಿನಕ್ಕೊಮ್ಮೆ ಬೇಕರಿಗೆ ಹೋಗಿ ಒಂಬತ್ತು ಕೊಪೆಕ್‌ಗೆ ಕಪ್ಪು ಬ್ರೆಡ್ ತರೋದು, ನೀರಿನ ಜೊತೆ ತಿನ್ನೋದು. ಮಿಕ್ಕಿದ್ದೆಲ್ಲ ಪುಸ್ತಕಕ್ಕೆ, ಪಾದರಸಕ್ಕೆ, ಆಸಿಡ್‌ಗೆ. ಆಸಿಡ್ ಬಿದ್ದು ಪ್ಯಾಂಟಿನ ತುಂಬ ತೂತು. ಬೀದಿ ಹುಡುಗರು ಇಲಿ ತಿಂದಿದೆ ಅಂತ ರೇಗಿಸುತ್ತಿದ್ದರಂತೆ.

ಒಂದು ರಾತ್ರಿಯ ಖುಷಿ

ಆ ದಿನಗಳಲ್ಲೇ ಒಂದು ರಾತ್ರಿ ಅವನ ತಲೆಗೆ ಒಂದು ಯಂತ್ರ ಹೊಳೆಯಿತು. ಅವನ ಇಡೀ ಜೀವನ ಈ ರಾತ್ರಿಯ ಸುತ್ತಲೇ ತಿರುಗುತ್ತೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ.

ಜಾತ್ರೆಯಲ್ಲಿ ಮರಣ ಬಾವಿ ನೋಡಿರ್ತೀರಿ. ಮರದ ಹಲಗೆಯ ಗೋಡೆ ಮೇಲೆ ಬೈಕ್ ಅಡ್ಡಡ್ಡ ಓಡುತ್ತೆ, ಬೀಳಲ್ಲ. ಇಲ್ಲವೇ ಚಿಕ್ಕವರಿದ್ದಾಗ ನೀರು ತುಂಬಿದ ಬಕೆಟ್ ಹಿಡಿದು ತಲೆ ಮೇಲಿಂದ ಗಿರ್ರನೆ ತಿರುಗಿಸಿರ್ತೀರಿ. ಸುತ್ತಿನ ಅಡ್ಡಳತೆಯ ಅರ್ಧ ಒಂದು ಮೀಟರ್ ಇದ್ದರೆ, ಎರಡು ಸೆಕೆಂಡಿಗೆ ಒಂದು ಸುತ್ತು ಬಂದರೆ ಸಾಕು, ನೀರು ಬಕೆಟ್ಟಿನ ತಳಕ್ಕೇ ಅಂಟಿಕೊಂಡಿರುತ್ತೆ. ನಿಧಾನ ಆಯ್ತೋ, ತಲೆ ಮೇಲೆ ಸ್ನಾನ. ನೀರಿಗೆ ನೇರವಾಗಿ ಹೋಗುವ ಆಸೆ, ಬಕೆಟ್ಟಿನ ತಳ ಅಡ್ಡ ಬಂದು ಅದನ್ನ ಒಳಕ್ಕೆ ತಳ್ಳುತ್ತಾ ಇರುತ್ತೆ. ಬಕೆಟ್ ಒಳಗೆ ಕೂತು ನೋಡಿದರೆ ನೀರನ್ನು ಯಾರೋ ಹೊರಕ್ಕೆ ದಬ್ಬಿದ ಹಾಗೆ ಕಾಣುತ್ತೆ. ಪುಸ್ತಕದಲ್ಲಿ ಇದಕ್ಕೆ ಕೇಂದ್ರಾಪಗಾಮಿ ಬಲ ಅಂತ ಹೆಸರು.

ಹುಡುಗನ ಯೋಚನೆ ಇಷ್ಟು. ಒಂದು ಮುಚ್ಚಿದ ಪೆಟ್ಟಿಗೆ. ಅದರೊಳಗೆ ತಲೆಕೆಳಗಾಗಿ ನಿಲ್ಲಿಸಿದ ಎರಡು ಲೋಲಕ, ತುದಿಯಲ್ಲಿ ಗುಂಡು. ಗುಂಡುಗಳು ಮೇಲ್ಗಡೆ ಕಮಾನಿನ ಹಾಗೆ ಆಚೀಚೆ ಬಡಿದಾಡುತ್ತಿದ್ದರೆ ಆ ಹೊರದಬ್ಬುವ ಬಲ ಮೇಲಕ್ಕೇ ಇರುತ್ತೆ, ಪೆಟ್ಟಿಗೆಯನ್ನು ಎತ್ತಿಕೊಂಡು ಆಕಾಶಕ್ಕೆ ಹೋಗುತ್ತೆ! ಖುಷಿಗೆ ನಿದ್ದೆ ಬರಲಿಲ್ಲ. ರೂಮಿನಲ್ಲಿ ಕೂರೋಕೂ ಆಗಲಿಲ್ಲ. ರಾತ್ರಿಯೆಲ್ಲ ಮಾಸ್ಕೋ ಬೀದಿಗಳಲ್ಲಿ ಒಬ್ಬನೇ ತಿರುಗಿದ. ಬೆಳಗಾಗುವಷ್ಟರಲ್ಲಿ ತಪ್ಪು ಗೊತ್ತಾಯ್ತು. ಕೆಟ್ಟು ನಿಂತ ಬಸ್ಸಿನೊಳಗೆ ಕೂತು ಮುಂದಿನ ಸೀಟು ತಳ್ಳಿದರೆ ಬಸ್ಸು ಮುಂದಕ್ಕೆ ಹೋಗಲ್ಲ. ಇದೂ ಹಾಗೇ. ಗುಂಡು ಮೇಲಕ್ಕೆ ಎಳೆದಷ್ಟನ್ನು ವಾಪಸ್ ತಿರುಗುವಾಗ ಕೆಳಕ್ಕೆ ತಳ್ಳುತ್ತೆ. ಯಂತ್ರ ಗಡಗಡ ಅಲ್ಲಾಡುತ್ತೆ, ಅಷ್ಟೇ. ಒಂದು ಗ್ರಾಂ ತೂಕವೂ ಕಮ್ಮಿ ಆಗಲ್ಲ.

ತಪ್ಪು ತನಗೇ ತಾನೇ ಹಿಡಿದುಕೊಂಡ ಹುಡುಗ ಅಲ್ಲಿಗೆ ಕೈಬಿಟ್ಟಿದ್ದರೆ ಕಥೆ ಮುಗೀತಿತ್ತು. ಆದರೆ ಆ ರಾತ್ರಿಯ ಖುಷಿ ಜೀವನಪೂರ್ತಿ ಬಿಡಲಿಲ್ಲ, ಕನಸಿನಲ್ಲಿ ಮತ್ತೆ ಮತ್ತೆ ಬರುತ್ತಿತ್ತು ಅಂತ ಅವರೇ ವಯಸ್ಸಾದ ಮೇಲೆ ಬರೆದುಕೊಂಡಿದ್ದಾರೆ. ಭೂಮಿಯಿಂದ ಮೇಲಕ್ಕೆ ಎತ್ತೋಕೆ ಕೆಲಸಕ್ಕೆ ಬಾರದ ಅದೇ ಬಲ, ಮೇಲೆ ಹೋದ ಮನುಷ್ಯನನ್ನು ನೆಲದ ಮೇಲೆ ನಿಲ್ಲಿಸೋಕೆ ಕೆಲಸಕ್ಕೆ ಬರುತ್ತೆ ಅಂತ ಮುಂದೆ ಅವರೇ ತೋರಿಸಿದ್ದು.

ಜಿರಳೆ, ಕೋಳಿಮರಿ ಮತ್ತು ಮೊಟ್ಟೆ

ಮೂರು ವರ್ಷ ಬ್ರೆಡ್ ನೀರಿನಲ್ಲಿ ಕಳೆದವನ ಮೈ ಇಳಿದುಹೋಗಿತ್ತು. 1876ರಲ್ಲಿ ತಂದೆ ವಾಪಸ್ ಕರೆಸಿಕೊಂಡರು. ಟ್ಯೂಷನ್ ಹೇಳಿಕೊಟ್ಟು ಕಾಸು ಸಂಪಾದನೆ. 1879ರಲ್ಲಿ ಹೊರಗಿನ ಅಭ್ಯರ್ಥಿಯಾಗಿ, ಅಂದರೆ ನಮ್ಮ ಕಡೆ ಎಕ್ಸ್‌ಟರ್ನಲ್ ಕಟ್ಟುತ್ತಾರಲ್ಲ ಹಾಗೆ, ಶಿಕ್ಷಕರ ಪರೀಕ್ಷೆ ಪಾಸು. 1880ರಲ್ಲಿ ಬೊರೊವ್‌ಸ್ಕ್ ಅನ್ನೋ ಊರಿನ ಶಾಲೆಗೆ ಲೆಕ್ಕದ ಮೇಷ್ಟ್ರು. ಬಾಡಿಗೆಗಿದ್ದ ಮನೆಯ ಪಾದ್ರಿಗಳ ಮಗಳು ವರ್ವಾರಾ ಜೊತೆ ಅದೇ ವರ್ಷ ಮದುವೆ.

ಈ ವರ್ಷಗಳಲ್ಲೇ ಮೇಷ್ಟ್ರು ಕೈಯಾರೆ ಒಂದು ತಿರುಗುವ ಯಂತ್ರ ಮಾಡಿಕೊಂಡರು. ಅದರಲ್ಲಿ ಕೂರಿಸಿದ್ದು ಅಡುಗೆಮನೆ ಜಿರಳೆಗಳನ್ನು. ಜೋರಾಗಿ ತಿರುಗಿಸಿ ಜಿರಳೆಯ ತೂಕವನ್ನು 300 ಪಟ್ಟು ಮಾಡಿದರು. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ, 50 ಕೆಜಿ ಇರುವ ಮನುಷ್ಯ ಇದ್ದಕ್ಕಿದ್ದಂತೆ 15 ಟನ್ ಆದ ಹಾಗೆ. ಜಿರಳೆಗೆ ಏನೂ ಆಗಲಿಲ್ಲ, ಇಳಿಸಿದ ಮೇಲೆ ಎದ್ದು ಹೋಯ್ತು. ಆಮೇಲೆ ಕೋಳಿಮರಿ. ಅದರ ತೂಕ ಹತ್ತು ಪಟ್ಟು. ಅದೂ ಬದುಕಿತು. ಆಟ ಅಲ್ಲ ಇದು. ಮೇಲಕ್ಕೆ ಹಾರುವಾಗ ಮನುಷ್ಯನ ತೂಕ ಎಷ್ಟೋ ಪಟ್ಟು ಏರುತ್ತೆ, ಜೀವ ಅದನ್ನ ತಡೆಯುತ್ತಾ ಅನ್ನೋದು ಅವರ ಪ್ರಶ್ನೆ. ಇನ್ನೊಂದು ಪ್ರಯೋಗ ನೀವು ಮನೆಯಲ್ಲೇ ಮಾಡಬಹುದು. ಲೋಟದ ನೀರಿಗೆ ಉಪ್ಪು ಹಾಕಿ ಹಾಕಿ, ಮೊಟ್ಟೆ ತಳಕ್ಕೂ ಹೋಗದೆ ಮೇಲಕ್ಕೂ ಬರದೆ ನಡುವೆ ನಿಲ್ಲುವ ಹಾಗೆ ಮಾಡಿ, ಲೋಟವನ್ನು ಮೇಜಿನ ಮೇಲೆ ಕುಟ್ಟಿದರೂ ಮೊಟ್ಟೆ ಒಡೆಯಲ್ಲ. ಹಾರುವಾಗ ಮನುಷ್ಯನನ್ನೂ ಹೀಗೇ ದ್ರವದಲ್ಲಿ ಮುಳುಗಿಸಿ ಕಾಪಾಡಬಹುದು ಅಂತ ಮೇಷ್ಟ್ರ ವಾದ. (ಲೋಟ ಸ್ಟೀಲಿನದೇ ಇರಲಿ. ಗಾಜಿನದ್ದು ಕುಟ್ಟಿ ನನ್ನ ಮೇಲೆ ಹೇಳಬೇಡಿ.)

ಅದೇ ಕಾಲದಲ್ಲಿ ಅನಿಲಗಳ ಬಗ್ಗೆ ಒಂದು ದೊಡ್ಡ ಸಿದ್ಧಾಂತ ಬರೆದು ರಾಜಧಾನಿ ಪೀಟರ್ಸ್‌ಬರ್ಗ್‌ನ ವಿಜ್ಞಾನಿಗಳ ಸಂಘಕ್ಕೆ ಕಳಿಸಿದರು. ಅದು ಇಪ್ಪತ್ತೈದು ವರ್ಷ ಹಿಂದೆಯೇ ಕಂಡುಹಿಡಿದಾಗಿತ್ತು. ಸಣ್ಣ ಊರಲ್ಲಿ ಒಬ್ಬರೇ ಕೂತು ಓದುವವರ ಕಷ್ಟ ಇದು, ಲೋಕದಲ್ಲಿ ಏನು ನಡೀತಿದೆ ಅಂತ ಹೇಳೋರೇ ಇರಲ್ಲ. ಆದರೆ ಯಾರ ಸಹಾಯವೂ ಇಲ್ಲದೆ ಇಷ್ಟು ದೂರ ಬಂದಿದ್ದಾನಲ್ಲ ಅಂತ ಸಂಘದವರಿಗೆ ಆಶ್ಚರ್ಯ. ಮುಂದೆ ಸದಸ್ಯರನ್ನಾಗಿ ಆರಿಸಿದರು.

1883ರಲ್ಲಿ ದಿನಚರಿ ರೂಪದಲ್ಲಿ ಒಂದು ಹಸ್ತಪ್ರತಿ ಬರೆದರು. ಎಳೆಯುವ ಭೂಮಿಯೂ ಇಲ್ಲ, ಒರಗಿಕೊಳ್ಳೋಕೆ ಗೋಡೆಯೂ ಇಲ್ಲ, ಅಂಥ ಬಯಲಿನಲ್ಲಿ ಮನುಷ್ಯ ಹೇಗಿರ್ತಾನೆ ಅನ್ನೋ ಕಲ್ಪನೆ. ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲ್ಲ. ಕೈಕಾಲು ಎಷ್ಟು ಬಡಿದರೂ ಇದ್ದಲ್ಲೇ ಇರ್ತೀರಿ. ಮುಂದೆ ಹೋಗಬೇಕಾದರೆ ಒಂದೇ ದಾರಿ, ಕೈಯಲ್ಲಿರೋದನ್ನ ಹಿಂದಕ್ಕೆ ಎಸೆಯೋದು. ರಾಕೆಟ್ಟಿನ ಬೀಜ ಅಲ್ಲೇ ಇದೆ. ಈ ಪುಸ್ತಕ ಅಚ್ಚಾಗಿದ್ದು 1954ರಲ್ಲಿ, ಅವರು ಸತ್ತು 19 ವರ್ಷ ಆದ ಮೇಲೆ.

ಬೆಂಕಿ, ನೀರು, ಸಾವು

1887ರಲ್ಲಿ ಲೋಹದ ವಾಯುನೌಕೆಯ ಬಗ್ಗೆ ಮಾಸ್ಕೋದಲ್ಲಿ ಭಾಷಣ ಮಾಡಿ ಮನೆಗೆ ವಾಪಸ್ ಬಂದ ದಿನವೇ ಮನೆಗೆ ಬೆಂಕಿ ಬಿತ್ತು. ಹಸ್ತಪ್ರತಿ, ಮಾದರಿ, ನಕ್ಷೆ, ಪುಸ್ತಕ ಎಲ್ಲ ಬೂದಿ. ಕಿಟಕಿಯಿಂದ ಅಂಗಳಕ್ಕೆ ಎಸೆದ ಒಂದು ಹೊಲಿಗೆ ಮಷಿನ್ ಮಾತ್ರ ಉಳೀತು. 1892ರಲ್ಲಿ ಮಾಸ್ಕೋದಿಂದ ನೈಋತ್ಯಕ್ಕೆ ಇರುವ ಕಲೂಗಾ ಊರಿಗೆ ವರ್ಗ. ಸಾಯುವ ತನಕ ಅಲ್ಲೇ. 1902ರಲ್ಲಿ ಮಾಸ್ಕೋದಲ್ಲಿ ಓದುತ್ತಿದ್ದ ಮಗ ಇಗ್ನಾಟಿ ಆತ್ಮಹತ್ಯೆ ಮಾಡಿಕೊಂಡ. 1908ರಲ್ಲಿ ಓಕಾ ನದಿ ಉಕ್ಕಿ ಮನೆಗೆ ನುಗ್ಗಿತು. 1919ರಲ್ಲಿ ಹೊಸ ಸರ್ಕಾರದ ಗುಪ್ತ ಪೊಲೀಸರು ಹಿಡಿದುಕೊಂಡು ಹೋಗಿ ಲುಬ್ಯಾಂಕಾ ಜೈಲಿನಲ್ಲಿ ಇಟ್ಟು, ಆಮೇಲೆ ಬಿಟ್ಟರು. ಹೆಂಡತಿ ವರ್ವಾರಾ ಇದನ್ನೆಲ್ಲ ಹೇಗೆ ಸಂಭಾಳಿಸಿದರೋ. ಮೇಷ್ಟ್ರ ಸಂಬಳದ ದೊಡ್ಡ ಪಾಲು ಪುಸ್ತಕ ಅಚ್ಚಿಗೆ, ಪ್ರಯೋಗಕ್ಕೆ ಹೋಗುತ್ತಿತ್ತು ಅನ್ನೋದನ್ನ ಮರೆಯಬಾರದು.

ಈ ನಡುವೆಯೇ ಕೆಲಸ ಸಾಗಿತ್ತು. 1897ರಲ್ಲಿ ರಾಕೆಟ್ಟಿನ ವೇಗದ ಸೂತ್ರ, 1903ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಅದರ ಪ್ರಕಟಣೆ. ರಾಕೆಟ್ಟಿನ ಒಳಗೆ ತೂಕ ಬೇಕಾದರೆ ಅದನ್ನ ತಿರುಗಿಸಿ ಅನ್ನೋ ಮಾತು ಆ ಕಾಲದ ಬರಹದಲ್ಲೇ ಬಂತು. ಖಾಲಿ ಬಯಲಿನಲ್ಲಿ ತಿರುಗಿಸೋಕೆ ಒಮ್ಮೆ ತಳ್ಳಿದರೆ ಸಾಕು, ಗಾಳಿ ಇಲ್ಲ, ಸವೆತ ಇಲ್ಲ, ಹಾಗೇ ತಿರುಗ್ತಾ ಇರುತ್ತೆ. ಕರೆಂಟ್ ಬಿಲ್ ಇಲ್ಲದ ತೂಕ!

1920ರಲ್ಲಿ ಕಲೂಗಾದಲ್ಲಿ ಅವರ ಒಂದು ಕಾದಂಬರಿ ಅಚ್ಚಾಯ್ತು. ಕಥೆ ನಡೆಯೋದು 2017ರಲ್ಲಿ. ಬೇರೆ ಬೇರೆ ದೇಶದ ವಿಜ್ಞಾನಿಗಳು ಸೇರಿ ರಾಕೆಟ್ ಕಟ್ಟುತ್ತಾರೆ. ಎಲ್ಲಿ ಅಂದ್ಕೊಂಡಿರಿ? ನಮ್ಮ ಹಿಮಾಲಯದ ಬೆಟ್ಟಗಳ ನಡುವಿನ ಒಂದು ಕೋಟೆಯಲ್ಲಿ. ಪಾತ್ರಗಳಿಗೆ ನ್ಯೂಟನ್, ಗೆಲಿಲಿಯೋ ಅಂತೆಲ್ಲ ಹೆಸರು, ಜೊತೆಗೆ ಇವಾನೊವ್ ಅಂತ ಒಬ್ಬ ರಷ್ಯನ್. ಆಕಾಶದಲ್ಲಿ ಅವರು ತರಕಾರಿ ತೋಟ ಮಾಡ್ತಾರೆ. ಸ್ನಾನಕ್ಕೆ ಪೀಪಾಯಿಯಂಥ ಒಂದು ಕೋಣೆ, ಅದನ್ನ ತಿರುಗಿಸಿದರೆ ನೀರು ಸುತ್ತ ಗೋಡೆಗೆ ಹರಡಿಕೊಳ್ಳುತ್ತೆ. ಸ್ನಾನ ಮಾಡೋರೆಲ್ಲರ ಕಾಲು ಗೋಡೆ ಕಡೆ, ತಲೆ ನಡುವಿಗೆ. ಎದುರಿಗಿರೋನು ನಮ್ಮ ತಲೆ ಮೇಲೆ ತಲೆಕೆಳಗಾಗಿ ಮೈ ಉಜ್ಜಿಕೊಳ್ತಾ ಇರ್ತಾನೆ. ಬಾವಿಗೆ ಮಗ್ ಬಿಟ್ಟ ಕಥೆಯಲ್ಲ, ಲೆಕ್ಕ ಪಕ್ಕಾ ಇದೆ.

ಅಷ್ಟಕ್ಕೂ ಎಳೆಯೋದು ಏನು?

ಇಲ್ಲಿ ಒಂದು ಪ್ರಶ್ನೆ ಬರಬೇಕು. ತಿರುಗಿಸಿದಾಗ ಬರೋದು ನಿಜವಾದ ತೂಕವಾ, ಬರೀ ಮೋಸವಾ? ಭೂಮಿ ಎಳೆಯೋದಕ್ಕೂ ಇದಕ್ಕೂ ಏನು ಸಂಬಂಧ?

ನ್ಯೂಟನ್ 1687ರಲ್ಲಿ ಹೇಳಿದ್ದು ಎಳೆತ ಎಷ್ಟಿರುತ್ತೆ ಅನ್ನೋ ಲೆಕ್ಕವನ್ನ ಮಾತ್ರ. ವಸ್ತು ದೊಡ್ಡದಾದಷ್ಟೂ ಎಳೆತ ಜಾಸ್ತಿ, ದೂರ ಎರಡು ಪಟ್ಟಾದರೆ ಎಳೆತ ಕಾಲು ಭಾಗ. ಯಾಕೆ ಎಳೆಯುತ್ತೆ ಅಂದರೆ ಅವರು ಕೈ ಎತ್ತಿಬಿಟ್ಟರು. ನಮ್ಮ ಮೇಷ್ಟ್ರು ಕೆಲಸ ಮಾಡಿದ್ದೂ ನ್ಯೂಟನ್ ಲೆಕ್ಕದ ಮೇಲೇ. ಯಾಕೆ ಅನ್ನೋದಕ್ಕೆ ದಾರಿ ತೋರಿಸಿದವರು ಐನ್‌ಸ್ಟೈನ್. 1907ರಲ್ಲಿ, ಸ್ವಿಟ್ಜರ್ಲೆಂಡ್‌ನ ಪೇಟೆಂಟ್ ಆಫೀಸಿನಲ್ಲಿ ನೌಕರಿ ಮಾಡ್ತಿದ್ದಾಗ ಅವರಿಗೆ ಹೊಳೆದಿದ್ದು ಇದು: ಮಾಳಿಗೆಯಿಂದ ಬೀಳುತ್ತಿರುವ ಮನುಷ್ಯನಿಗೆ ಬೀಳುವಷ್ಟು ಹೊತ್ತು ತನ್ನ ತೂಕವೇ ಗೊತ್ತಾಗಲ್ಲ. ಕಿಟಕಿ ಇಲ್ಲದ ಕೋಣೆಯಲ್ಲಿ ನಿಂತವನಿಗೆ ಕಾಲಡಿಯ ನೆಲ ಒತ್ತುತ್ತಿದೆ ಅಂದರೆ, ಅದು ಭೂಮಿಯ ಮೇಲಿರೋದಕ್ಕೋ, ಕೋಣೆಯನ್ನೇ ಯಾರೋ ವೇಗವಾಗಿ ಮೇಲಕ್ಕೆ ಎಳೆಯುತ್ತಿರೋದಕ್ಕೋ, ಆ ಮೂಲೆಯಲ್ಲಿ ನಿಂತು ಹೇಳೋಕೆ ಆಗಲ್ಲ. ಲಿಫ್ಟ್ ಹೊರಟಾಗ ಮೈ ಭಾರ ಆಗೋದು ನೆನಪಿಸಿಕೊಳ್ಳಿ.

ಎಂಟು ವರ್ಷ ಒದ್ದಾಡಿ 1915ರಲ್ಲಿ ಅವರು ಕೊಟ್ಟ ಉತ್ತರ ಏನಂದ್ರೆ, ಭೂಮಿ ಹಗ್ಗ ಹಾಕಿ ಎಳೆಯುತ್ತಿಲ್ಲ. ದ್ರವ್ಯ ಇರುವ ಕಡೆ ಸುತ್ತಲಿನ ಜಾಗವೂ ಕಾಲವೂ ಬಾಗುತ್ತೆ. ಆ ಬಾಗಿದ ದಾರಿಯಲ್ಲಿ ಸುಮ್ಮನೆ ಸಾಗೋದನ್ನೇ ನಾವು ಬೀಳೋದು ಅಂತೀವಿ. ನೆಲ ಅಡ್ಡ ನಿಂತು ನಮ್ಮನ್ನ ತಡೆಯುತ್ತೆ, ಆ ತಡೆಯೇ ತೂಕ. ಕಾಲ ಬಾಗೋದು ಅಂದರೆ ಕಥೆ ಅಲ್ಲ. ನಿಮ್ಮ ಮೊಬೈಲಿನ ಮ್ಯಾಪ್‌ಗೆ ದಾರಿ ಹೇಳುವ ಜಿಪಿಎಸ್ ಉಪಗ್ರಹಗಳ ಗಡಿಯಾರ ದಿನಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಭಾಗದಷ್ಟು ಮುಂದೆ ಓಡುತ್ತೆ. ಅದನ್ನ ಸರಿಪಡಿಸದಿದ್ದರೆ ಡೆಲಿವರಿ ಹುಡುಗ ಬೇರೆ ಊರಿಗೇ ಹೋಗಿರ್ತಾನೆ.

ಹಾಗಾಗಿ ತಿರುಗುವ ನೌಕೆಯ ತೂಕ ಸುಳ್ಳಲ್ಲ. ಅಲ್ಲೂ ನೆಲ ಅಡ್ಡ ಬಂದು ಕಾಲನ್ನ ತಳ್ಳುತ್ತೆ, ಇಲ್ಲೂ ಅಷ್ಟೇ. ಮೂಳೆಗೆ ಎರಡೂ ಒಂದೇ. ತಮಾಷೆ ಏನಂದ್ರೆ ಮೇಷ್ಟ್ರಿಗೆ ಐನ್‌ಸ್ಟೈನ್ ಸಿದ್ಧಾಂತ ಕಡೆಯವರೆಗೂ ಹಿಡಿಸಲಿಲ್ಲ. ತಮ್ಮ ಜಿರಳೆ ಯಂತ್ರಕ್ಕೇ ಅದು ಗಟ್ಟಿ ಆಧಾರ ಕೊಡುತ್ತಿತ್ತು, ಆದರೂ ಒಪ್ಪಲಿಲ್ಲ. ದೊಡ್ಡವರು ಅಂದ ಮಾತ್ರಕ್ಕೆ ಎಲ್ಲದರಲ್ಲೂ ಸರಿ ಇರಬೇಕು ಅಂತೇನಿಲ್ಲ ಬಿಡಿ.

ಇನ್ನೊಂದು ತಪ್ಪು ತಿಳುವಳಿಕೆ. ಅಂತರಿಕ್ಷ ನಿಲ್ದಾಣದಲ್ಲಿ ಗುರುತ್ವಾಕರ್ಷಣೆ ಇಲ್ಲ ಅಂತ ಟೀವಿಯವರೂ ಹೇಳ್ತಾರೆ. 400 ಕಿಮೀ ಎತ್ತರದಲ್ಲಿ ಭೂಮಿಯ ಎಳೆತ ಇಲ್ಲಿನ ನೂರಕ್ಕೆ 90ರ ಹತ್ತಿರ ಇದ್ದೇ ಇದೆ. ಆದರೆ ಗಂಟೆಗೆ ಸುಮಾರು 27,600 ಕಿಮೀ ವೇಗದಲ್ಲಿ ಓಡುತ್ತಾ ನಿಲ್ದಾಣವೂ ಬೀಳ್ತಿದೆ, ಒಳಗಿರೋರೂ ಬೀಳ್ತಿದ್ದಾರೆ, ಭೂಮಿ ದುಂಡಗಿರೋದರಿಂದ ನೆಲ ಸಿಗ್ತಿಲ್ಲ. ತಡೆಯೋ ನೆಲ ಇಲ್ಲ, ಅದಕ್ಕೇ ತೂಕ ಇಲ್ಲ. ತೂಕದ ಮಷಿನ್ ಸೊನ್ನೆ. ತಕ್ಕಡಿಯೂ ಯಾವ ಕಡೆಗೂ ವಾಲದೆ ಸುಮ್ಮನೆ ತೇಲುತ್ತೆ.

ತೇಲೋದು ನೋಡೋಕೆ ಚಂದ, ಮೈಗೆ ಅಲ್ಲ. ಭಾರ ಹೊರುವ ಸೊಂಟದಂಥ ಮೂಳೆಗಳು ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಭಾಗ ಸವೆಯುತ್ತೆ. ಅದಕ್ಕೇ ಅಲ್ಲಿನವರು ದಿನಾ ಎರಡು ಗಂಟೆ ಹತ್ತಿರ ಕಸರತ್ತು ಮಾಡಬೇಕು. ತಿಂಗಳುಗಟ್ಟಲೆ ಹಾರಿ ಮಂಗಳಕ್ಕೆ ಹೋಗಿ ಇಳಿದಾಗ ಕಾಲು ನಿಲ್ಲಬೇಕಲ್ಲ!

ಮತ್ತೆ ಯಾಕೆ ಇನ್ನೂ ತಿರುಗಿಸಿಲ್ಲ?

ನಮ್ಮ ಮೇಷ್ಟ್ರು ಹೇಳಿ ನೂರು ವರ್ಷ ದಾಟಿದರೂ ಮನುಷ್ಯರು ವಾಸ ಮಾಡುವ ತಿರುಗುವ ನಿಲ್ದಾಣ ಇವತ್ತಿಗೂ ಇಲ್ಲ. 1920ರ ದಶಕದ ಕೊನೆಯಲ್ಲಿ ಹೆರ್ಮನ್ ಪೊಟೊಚ್ನಿಕ್ ಅನ್ನೋ ಎಂಜಿನಿಯರ್ ಬಂಡಿಯ ಚಕ್ರದಂಥ ನಿಲ್ದಾಣದ ನಕ್ಷೆ ಬರೆದರು. 1952ರಲ್ಲಿ ವರ್ನರ್ ಫಾನ್ ಬ್ರೌನ್ ಅಮೆರಿಕದ ಪತ್ರಿಕೆಯಲ್ಲಿ 250 ಅಡಿ ಅಗಲದ ಚಕ್ರ ತೋರಿಸಿದರು. ಎಲ್ಲ ಕಾಗದದ ಮೇಲೇ ಉಳೀತು.

ಅಡ್ಡಿ ಇರೋದು ಅಳತೆಯಲ್ಲಿ. ನಿಮಿಷಕ್ಕೆ ಒಂದೇ ಸುತ್ತು ತಿರುಗಿಸಿ ಭೂಮಿಯಷ್ಟು ತೂಕ ಬೇಕಂದ್ರೆ ನಡುವಿನಿಂದ ನೆಲಕ್ಕೆ 894 ಮೀಟರ್ ಇರಬೇಕು. ಎರಡು ಸುತ್ತಾದರೆ 224 ಮೀಟರ್. ನಾಲ್ಕಾದರೆ 56. ಹತ್ತು ಸುತ್ತಾದರೆ 9 ಮೀಟರಿಗೆ ಮುಗಿಯುತ್ತೆ, ಆದರೆ ಆಗ ಪಾದಕ್ಕಿಂತ ತಲೆಗೆ ಐದರಲ್ಲಿ ಒಂದು ಭಾಗ ತೂಕ ಕಮ್ಮಿ. ತಲೆ ಪಕ್ಕಕ್ಕೆ ತಿರುಗಿಸಿದರೆ ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಗೊಂದಲ, ಹೊಟ್ಟೆ ತೊಳಸುತ್ತೆ. ಘಾಟಿ ರಸ್ತೆಯಲ್ಲಿ ಬಸ್ ಕಿಟಕಿ ಹತ್ತಿರ ಕೂರೋರಿಗೆ ಹೆಚ್ಚು ಹೇಳಬೇಕಿಲ್ಲ. ಈಗಿನ ದೊಡ್ಡ ನಿಲ್ದಾಣವೇ ಆ ತುದಿಯಿಂದ ಈ ತುದಿಗೆ 109 ಮೀಟರ್ ಅಷ್ಟೇ.

ಕಿವಿ ಅಂದೆ ನೋಡಿ, ಇಲ್ಲೊಂದು ವಿಚಿತ್ರ ಇದೆ. ಮನುಷ್ಯ ಎಷ್ಟು ವೇಗದ ತಿರುಗಾಟ ತಡೀತಾನೆ ಅಂತ ನೋಡೋಕೆ 1950ರ ದಶಕದ ಕೊನೆಯಿಂದ ಅಮೆರಿಕದವರು ಹುಡುಕಿಕೊಂಡು ಹೋಗಿದ್ದು ಕಿವುಡರನ್ನ. ವಾಷಿಂಗ್ಟನ್‌ನ ಗ್ಯಾಲೊಡೆಟ್ ಅನ್ನೋ ಕಿವುಡರ ಕಾಲೇಜಿನಿಂದ 11 ಜನ. ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಬಹುತೇಕ ಎಲ್ಲರ ಒಳಗಿವಿಯ ಸಮತೋಲನದ ಅಂಗ ಕೆಲಸ ನಿಲ್ಲಿಸಿತ್ತು, ಹಾಗಾಗಿ ಅವರಿಗೆ ತಲೆಸುತ್ತು ವಾಂತಿ ಇಲ್ಲ. ಅವರಲ್ಲಿ ನಾಲ್ವರು 20 ಅಡಿ ಅಗಲದ ಕೋಣೆಯಲ್ಲಿ, ನಿಮಿಷಕ್ಕೆ ಹತ್ತು ಸುತ್ತು ತಿರುಗುತ್ತಾ, ಸತತ 12 ದಿನ ಉಂಡು ಮಲಗಿ ಇದ್ದು ಬಂದರು. ಕಿವಿ ಕಳಕೊಂಡ ಮೇಷ್ಟ್ರ ಲೆಕ್ಕವನ್ನು ಕಿವಿ ಕೇಳದವರೇ ಮೈಮೇಲೆ ಹಾಕಿಕೊಂಡು ನೋಡಿದ್ದು.

ಆಕಾಶದಲ್ಲೇ ಆದ ಪ್ರಯೋಗಗಳೂ ಇವೆ. 1966ರ ಸೆಪ್ಟೆಂಬರ್‌ನಲ್ಲಿ ಜೆಮಿನಿ 11 ನೌಕೆಯನ್ನು 30 ಮೀಟರ್ ಉದ್ದದ ಹಗ್ಗದಲ್ಲಿ ಇನ್ನೊಂದು ನೌಕೆಗೆ ಕಟ್ಟಿ ಮೆಲ್ಲಗೆ ತಿರುಗಿಸಿದರು. ಕೈಬಿಟ್ಟ ಕ್ಯಾಮೆರಾ ನಿಧಾನಕ್ಕೆ ಒಂದು ಕಡೆಗೆ ಸರಿಯಿತು, ಅಷ್ಟು ಸಣ್ಣ ತೂಕ. 1977ರಲ್ಲಿ ಸೋವಿಯತ್‌ನವರು ಕಾಸ್ಮೋಸ್ 936 ಉಪಗ್ರಹದಲ್ಲಿ ಇಲಿಗಳನ್ನು ತಿರುಗಿಸಿದರು. 2016ರಲ್ಲಿ ಜಪಾನಿನವರು ಅಂತರಿಕ್ಷ ನಿಲ್ದಾಣದಲ್ಲಿ ಕೆಲವು ಸುಂಡಿಲಿಗಳನ್ನು ತೇಲೋಕೆ ಬಿಟ್ಟು, ಕೆಲವನ್ನು ಭೂಮಿಯಷ್ಟೇ ತೂಕ ಬರುವ ಹಾಗೆ ತಿರುಗಿಸಿದರು. ತೇಲಿದವುಗಳ ಮೂಳೆ ಮಾಂಸ ಇಳಿದಿತ್ತು, ತಿರುಗಿದವು ಗಟ್ಟಿಯಾಗಿದ್ದವು. ಆದರೆ ಇದಕ್ಕಿಂತ ದೊಡ್ಡ ತಿರುಗುವ ಯಂತ್ರದ ಕೋಣೆಯನ್ನು ಜಪಾನ್ ಕಟ್ಟುತ್ತಿದ್ದಾಗಲೇ ನಾಸಾ 2005ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತ್ತು. ಅದು ತ್ಸುಕುಬಾ ಊರಿನಲ್ಲಿ ಬಯಲಲ್ಲಿ ನಿಂತಿತು.

ನಮ್ಮ ರಾಜ್ಯಕ್ಕೂ ಒಂದು ಎಳೆ ಇದೆ. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಅಲ್ಲಿ ಮನುಷ್ಯರನ್ನೇ ಕೂರಿಸಿ ತಿರುಗಿಸುವ ಸೆಂಟ್ರಿಫ್ಯೂಜ್ ಇದೆ. ಯುದ್ಧವಿಮಾನದ ಪೈಲಟ್‌ಗಳು ಅದರಲ್ಲಿ ಕೂತು ತಮ್ಮ ತೂಕ ಹಲವು ಪಟ್ಟು ಆಗೋದನ್ನ ತಡೆಯೋಕೆ ಕಲೀತಾರೆ. ಗಗನಯಾನಕ್ಕೆ ನಮ್ಮವರನ್ನ ಆರಿಸಿದ್ದೂ ಅದೇ ಸಂಸ್ಥೆ. ಜಿರಳೆ ಕೂತ ಜಾಗದಲ್ಲಿ ಈಗ ಮನುಷ್ಯ.

ಕಡೆಯ ದಿನಗಳು

1921ರಲ್ಲಿ ಸರ್ಕಾರ ಮೇಷ್ಟ್ರಿಗೆ ಜೀವನಪೂರ್ತಿ ಪಿಂಚಣಿ ಕೊಟ್ಟಿತು. ವಯಸ್ಸಾದ ಮೇಲೆ ಹೆಸರು ಬಂತು, ಪತ್ರಗಳು ಬಂದವು. ಚಂದ್ರಯಾನದ ಬಗ್ಗೆ ಒಂದು ಸಿನಿಮಾ ತೆಗೆಯುತ್ತಿದ್ದವರು ಸಲಹೆ ಕೇಳಿದಾಗ, ತೂಕವಿಲ್ಲದ ಜನ ಹೇಗೆ ತೇಲ್ತಾರೆ ಅಂತ ಚಿತ್ರ ಬರೆದು ಬರೆದು ಕೊಟ್ಟರು. 1935ರ ಮೇ 1ರಂದು ಅವರ ಧ್ವನಿ ಮಾಸ್ಕೋದ ಕೆಂಪು ಚೌಕದಲ್ಲಿ ರೇಡಿಯೋ ಮೂಲಕ ಕೇಳಿಸಿತು. ಅದೇ ವರ್ಷ ಸೆಪ್ಟೆಂಬರ್ 19ರಂದು, ಹೊಟ್ಟೆಯ ಕ್ಯಾನ್ಸರ್‌ನಿಂದ ಕಲೂಗಾದಲ್ಲಿ ತೀರಿಕೊಂಡರು. 78 ತುಂಬಿ ಎರಡು ದಿನ ಆಗಿತ್ತು. ಅವರ ನೂರನೇ ಹುಟ್ಟುಹಬ್ಬದ ಮರುತಿಂಗಳೇ, 1957ರ ಅಕ್ಟೋಬರ್ 4ರಂದು, ಮೊದಲ ಸ್ಪುಟ್ನಿಕ್ ಮೇಲೆ ಹೋಯ್ತು.

ಕಲೂಗಾದ ಅವರ ಮನೆ ಈಗ ಮ್ಯೂಸಿಯಂ. ತಗಡಿನಿಂದ ಅವರೇ ಮಾಡಿಕೊಂಡ ಕಿವಿಯ ತುತ್ತೂರಿಗಳು ಅಲ್ಲಿವೆ. ಮಹಡಿಯ ಕೋಣೆಯಲ್ಲಿ ಒಂದು ಬಾಗಿಲಿದೆ, ಅದನ್ನ ತೆಗೆದರೆ ನೇರ ಮನೆಯ ಚಾವಣಿ. ರಾತ್ರಿ ನಕ್ಷತ್ರ ನೋಡೋಕೆ ಮೇಷ್ಟ್ರು ಹೋಗುತ್ತಿದ್ದಿದ್ದು ಆ ಬಾಗಿಲಿಂದಲೇ. ಅದಕ್ಕೆ ಬಯಲು ಆಕಾಶದ ಬಾಗಿಲು ಅಂತ ಹೆಸರು.